ಮನೆಗೆ ಬಂದು ರಕ್ತ ತೆಗೆಯುವ ‘ಮಹಿಳಾ ಹಾರ್ಮೋನ್ ಪ್ಯಾಕೇಜ್’: ತಾಯಿ, ಮಗಳ ಅನುಭವ

ಕಳೆದ ಜುಲೈ ತಿಂಗಳಿನ ಒಂದು ಭಾನುವಾರ, ಮೈಸೂರಿನ ಕುವೆಂಪುನಗರದ ನಮ್ಮ ಮನೆಗೇ ಬಂದು ನನ್ನ ಮತ್ತು ನನ್ನ ಮಗಳ ರಕ್ತವನ್ನು ತೆಗೆದುಕೊಂಡು ಹೋದ ಒಂದು ದೊಡ್ಡ ಪ್ರಯೋಗಾಲಯದ ‘ಮಹಿಳಾ ಹಾರ್ಮೋನ್ ಪ್ಯಾಕೇಜ್’ ಕುರಿತು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಒಬ್ಬರಿಗೆ 3,499 ರೂಪಾಯಿ, ಜೊತೆಯಲ್ಲಿ ಮಾಡಿಸಿಕೊಳ್ಳುವ ಎರಡನೆಯವರಿಗೆ ಅರ್ಧ ದರ ಎಂದು ಹೇಳಿದ್ದರಿಂದ ಇಬ್ಬರೂ ಒಂದೇ ದಿನ ಮಾಡಿಸಿಕೊಂಡೆವು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಆಕ್ಷೇಪವಿರುವುದು ಹಾರ್ಮೋನ್ ಪರೀಕ್ಷೆಗಳನ್ನು ಹೀಗೆ ಗಂಟುಕಟ್ಟಿ, ಏನನ್ನೂ ಕೇಳದೆ ಮಾರುವ ಕ್ರಮದ ಬಗ್ಗೆ.

ನಾವು ಇದನ್ನು ಮಾಡಿಸಲು ಕಾರಣವಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಪಿಜಿಯಲ್ಲಿರುವ, 24 ವರ್ಷದ ನನ್ನ ಮಗಳಿಗೆ ಸುಮಾರು ಒಂದೂವರೆ ವರ್ಷದಿಂದ ಮುಟ್ಟು 50, 60 ದಿನಗಳಿಗೊಮ್ಮೆ ಬರುತ್ತಿತ್ತು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ನನಗೆ ಈಗ 47. ಮೂರು ತಿಂಗಳಿಂದ ಮುಟ್ಟು ಹಿಂದುಮುಂದಾಗಿತ್ತು, ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರಿ ಎಚ್ಚರವಾಗುತ್ತಿತ್ತು. ‘ಹಾರ್ಮೋನ್ ಏರುಪೇರಾಗಿರಬೇಕು ಅಕ್ಕಾ, ಒಂದ್ಸಲ ಎಲ್ಲಾ ಚೆಕ್ ಮಾಡಿಸಿಬಿಡಿ’ ಎಂದು ಎದುರುಮನೆಯವರು ಹೇಳಿದ ಮಾತು ಸರಿಯೆನಿಸಿತು. ‘ಎಲ್ಲಾ’ ಎಂಬ ಆ ಮಾತಿನಲ್ಲಿಯೇ ತೊಂದರೆ ಅಡಗಿತ್ತು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮೊದಲು ಚೆನ್ನಾಗಿದ್ದುದನ್ನು ಹೇಳಬೇಕು. ರಕ್ತ ತೆಗೆಯಲು ಬಂದ ಹುಡುಗ ವಿನಯವಂತ, ಕೈ ಪಳಗಿದವನು. ನನ್ನ ನರ ಸಿಗುವುದು ಕಷ್ಟವೆಂದು ಹಿಂದೆ ಎರಡು ಮೂರು ಕಡೆ ಚುಚ್ಚಿಸಿಕೊಂಡು ನೊಂದವಳು ನಾನು. ಇವನು ಒಂದೇ ಸಲಕ್ಕೆ ಮುಗಿಸಿದ. ಹೊಸ ಸೂಜಿಯ ಪೊಟ್ಟಣವನ್ನು ನಮ್ಮೆದುರಿಗೇ ಒಡೆದ. ಹಳದಿ, ನೇರಳೆ ಮತ್ತು ಬೂದು ಮುಚ್ಚಳದ ನಳಿಕೆಗಳ ಮೇಲೆ ಚೀಟಿ ಅಂಟಿಸುವಾಗ ನಮ್ಮ ಹೆಸರು, ವಯಸ್ಸನ್ನು ಗಟ್ಟಿಯಾಗಿ ಓದಿ ಹೇಳಿ, ಸರಿಯೆಂದು ನಾವು ಒಪ್ಪಿದ ಮೇಲೆಯೇ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟ. ಅದೇ ರಾತ್ರಿ ಒಂಬತ್ತರ ಹೊತ್ತಿಗೆ ವರದಿ ವಾಟ್ಸಾಪ್‌ಗೆ ಬಂತು. ಆಸ್ಪತ್ರೆಗೆ ಹೋಗಿ ಕಾಯಲಾಗದ ವಯಸ್ಸಾದವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಇಂಥ ಸೇವೆಯಿಂದ ನಿಜವಾದ ಉಪಕಾರವಿದೆ.

ಆದರೆ ಎಂಟು ಗಂಟೆಗೆ ಬರಬೇಕಿದ್ದವನು ಹತ್ತೂ ನಲವತ್ತಕ್ಕೆ ಬಂದ. ಅಂದು ಭಾನುವಾರ, ಅವನಿಗೆ ಹದಿನಾಲ್ಕು ಮನೆಗಳಿದ್ದವಂತೆ. ಅವನು ನಮ್ಮಿಬ್ಬರನ್ನೂ ಕೇಳಿದ್ದು ‘ಏನೂ ತಿಂದಿಲ್ಲ ತಾನೇ ಮೇಡಂ?’ ಎಂಬ ಒಂದೇ ಪ್ರಶ್ನೆ. ಮುಟ್ಟಾಗಿ ಎಷ್ಟು ದಿನವಾಯಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ರಾತ್ರಿ ನಿದ್ದೆ ಆಯಿತೇ, ಮಗಳು ಮದುವೆಯಾದವಳೇ, ಬಸುರಿಯೇ ಎಂಬ ಯಾವುದನ್ನೂ ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಕೈಯಲ್ಲಿದ್ದ ಮೊಬೈಲ್ ಅರ್ಜಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಹಾಗಾಗಿ ಆ ಹುಡುಗನ ಮೇಲೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ಪ್ಯಾಕೇಜಿನ ಜಾಹೀರಾತಿನಲ್ಲಿ ‘84 ಪರೀಕ್ಷೆಗಳು’ ಎಂದಿತ್ತು. ವರದಿ ಕೈಗೆ ಬಂದ ಮೇಲೆ ಒಂದೊಂದಾಗಿ ಎಣಿಸಿ ನೋಡಿದೆ. ಸಾಮಾನ್ಯ ರಕ್ತಕಣಗಳ ಎಣಿಕೆ ಎಂಬ ಒಂದೇ ಪರೀಕ್ಷೆಯಿಂದ ಬರುವ ಇಪ್ಪತ್ತಕ್ಕೂ ಹೆಚ್ಚು ಅಂಕಿಗಳನ್ನು ಇಪ್ಪತ್ತಕ್ಕೂ ಹೆಚ್ಚು ಪರೀಕ್ಷೆಗಳೆಂದು ಲೆಕ್ಕ ಹಿಡಿದಿದ್ದರು. ಕೊಲೆಸ್ಟರಾಲ್ ಭಾಗದಲ್ಲಿ ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸಿ ಪಡೆದ ಅನುಪಾತಗಳೂ ಪರೀಕ್ಷೆಗಳೆಂದೇ ಸೇರಿದ್ದವು. ನಿಜವಾದ ಹಾರ್ಮೋನ್ ಪರೀಕ್ಷೆಗಳು ಹದಿನಾಲ್ಕು. ಅವುಗಳಲ್ಲಿ ಐದು ಥೈರಾಯ್ಡಿಗೇ ಸಂಬಂಧಿಸಿದವು: ಟಿಎಸ್‌ಎಚ್, ಟಿ3, ಟಿ4, ಫ್ರೀ ಟಿ3, ಫ್ರೀ ಟಿ4. ಉಳಿದವು ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಈಸ್ಟ್ರಡಯಾಲ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್, ಡಿಎಚ್‌ಇಎ ಸಲ್ಫೇಟ್, ಕಾರ್ಟಿಸಾಲ್ ಮತ್ತು ಇನ್ಸುಲಿನ್.

ರಾತ್ರಿ ಬಂದ ವರದಿಯಲ್ಲಿ ಮಗಳ ಪುಟಗಳ ತುಂಬ ಕೆಂಪು ಅಕ್ಷರಗಳಿದ್ದವು. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಪ್ರಚೋದಿಸುವ, ಥೈರಾಯ್ಡ್ ಹೆಚ್ಚಾದಾಗ ತಾನು ಇಳಿಯುವ ಟಿಎಸ್‌ಎಚ್ 0.11ಕ್ಕೆ ಇಳಿದಿತ್ತು, ಪಕ್ಕದಲ್ಲಿ ಅಚ್ಚಾಗಿದ್ದ ಸಹಜ ಮಿತಿ 0.4ರಿಂದ 4.2. ಥೈರಾಯ್ಡ್ ಸುರಿಸುವ ಹಾರ್ಮೋನಾದ ಫ್ರೀ ಟಿ4 ಮಿತಿ ಮೀರಿ ಏರಿತ್ತು, ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೂಡ ಏರಿತ್ತು. ನನ್ನದರಲ್ಲಿ ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ 71 ನ್ಯಾನೋಗ್ರಾಂ, 25ರ ಒಳಗಿರಬೇಕಿತ್ತು. ಪ್ರೊಜೆಸ್ಟರಾನ್ ಕಡಿಮೆಯೆಂದೂ ಬರೆದಿತ್ತು. ಮಾರನೆಯ ದಿನ, ಪ್ಯಾಕೇಜಿನ ಜೊತೆಗೆ ಉಚಿತವಾಗಿ ಬರುವ ‘ತಜ್ಞರ ಸಲಹೆ’ಯ ಕರೆ ಬಂತು. ನಾಲ್ಕು ನಿಮಿಷದ ಆ ಕರೆಯಲ್ಲಿ, ಮಗಳಿಗೆ ಥೈರಾಯ್ಡ್ ಹೆಚ್ಚಾಗಿದೆ, ಔಷಧಿ ಶುರುಮಾಡಬೇಕಾಗಬಹುದು, ಜೊತೆಗೆ ಟೆಸ್ಟೋಸ್ಟೆರಾನ್ ಏರಿರುವುದರಿಂದ ಪಿಸಿಓಡಿ, ಅಂದರೆ ಮುಟ್ಟು ತಡವಾಗುವ ಅಂಡಾಶಯದ ತೊಂದರೆ ಇರಬೇಕು ಎಂದರು. ನನಗೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇದೆಯೇ ನೋಡಲು ಎಂಆರ್‌ಐ ಮಾಡಿಸಿಕೊಳ್ಳಿ, ನಮ್ಮಲ್ಲಿಯೇ ರಿಯಾಯಿತಿ ಇದೆ ಎಂದರು. ಆ ರಾತ್ರಿ ನಾನೂ ಮಗಳೂ ಒಬ್ಬರಿಗೊಬ್ಬರು ಕಾಣದಂತೆ ಅತ್ತೆವು. ಈ ವಿಮರ್ಶೆಯನ್ನು ಇಷ್ಟು ವಿವರವಾಗಿ ಬರೆಯಲು ಆ ರಾತ್ರಿಯೇ ಕಾರಣ.

ನಾಲ್ಕನೆಯ ದಿನ ನಮಗೆ ನಿರ್ನಾಳ ಗ್ರಂಥಿಗಳ, ಅಂದರೆ ಹಾರ್ಮೋನ್ ಸುರಿಸುವ ಗ್ರಂಥಿಗಳ ತಜ್ಞವೈದ್ಯೆಯೊಬ್ಬರ ಭೇಟಿ ಸಿಕ್ಕಿತು. ಅವರು ವರದಿಯನ್ನು ಮುಚ್ಚಿ ಪಕ್ಕಕ್ಕಿಟ್ಟು ಮೊದಲು ಮಗಳ ಕೈ ಹಿಡಿದು ನಾಡಿ ನೋಡಿದರು: ನಿಮಿಷಕ್ಕೆ 76. ಎರಡೂ ಕೈಗಳನ್ನು ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆಯನ್ನಿಟ್ಟರು, ಹಾಳೆ ನಡುಗಲಿಲ್ಲ. ಅಂಗೈ ಒಣಗಿತ್ತು. ತೂಕ ಇಳಿಯುವ ಬದಲು ಎರಡು ಕಿಲೋ ಏರಿತ್ತು. ಥೈರಾಯ್ಡ್ ಹಾರ್ಮೋನು ಇಷ್ಟು ಹೆಚ್ಚಾಗಿದ್ದರೆ ಎದೆ ಡವಡವ ಎನ್ನಬೇಕು, ಬೆವರಬೇಕು, ಕೈ ನಡುಗಬೇಕು, ಊಟ ಮಾಡಿದರೂ ತೂಕ ಇಳಿಯಬೇಕು ಎಂದು ಅವರು ವಿವರಿಸಿ, ವರದಿಯಲ್ಲಿ ಯಾರೂ ಕೆಂಪು ಹಾಕದ ಒಂದು ಸಾಲಿನ ಮೇಲೆ ಬೆರಳಿಟ್ಟರು. ವಿಟಮಿನ್ ಡಿ 92 ಇತ್ತು. ‘ಬೆಳಿಗ್ಗೆಯಿಂದ ಸಂಜೆಯವರೆಗೆ ಎಸಿ ಕೋಣೆಯಲ್ಲಿ ಕೂರುವ ಹುಡುಗಿ, ವಿಟಮಿನ್ ಡಿ ಮಾತ್ರೆಯನ್ನೂ ತಗೊಂಡಿಲ್ಲ ಅಂತೀಯ. ಇಷ್ಟು ಎಲ್ಲಿಂದ ಬಂತಮ್ಮ? ಕೂದಲಿಗೆ ಏನಾದರೂ ತಗೋತಿದ್ದೀಯಾ?’ ಎಂದು ಕೇಳಿದರು.

ಮಗಳು ಬ್ಯಾಗಿನಿಂದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಕೂದಲು ಉದುರುವುದಕ್ಕೆಂದು ಗೆಳತಿಯೊಬ್ಬಳು ಹೇಳಿದ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಮಾತ್ರೆ. ಒಂದೊಂದರಲ್ಲಿ 10 ಮಿಲಿಗ್ರಾಂ. ಬೇಗ ಗುಣವಾಗಲೆಂದು ದಿನಕ್ಕೆ ಎರಡು ನುಂಗುತ್ತಿದ್ದಳು. ರಕ್ತ ಕೊಟ್ಟ ದಿನ ಊಟ ತಿಂಡಿ ಬಿಟ್ಟಿದ್ದಳೇ ಹೊರತು ಮಾತ್ರೆ ಬಿಟ್ಟಿರಲಿಲ್ಲ. ಎಂಟೂವರೆಗೆ ನೀರಿನೊಂದಿಗೆ ಎರಡನ್ನೂ ನುಂಗಿದ್ದಳು. ವಯಸ್ಕರಿಗೆ ದಿನಕ್ಕೆ ಸಾಕೆನಿಸುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಇವಳು ತೆಗೆದುಕೊಳ್ಳುತ್ತಿದ್ದುದು ಅದರ ಆರುನೂರು ಪಟ್ಟಿಗೂ ಹೆಚ್ಚು.

ಕೂದಲಿನ ಮಾತ್ರೆಗೂ ಥೈರಾಯ್ಡ್ ಪರೀಕ್ಷೆಗೂ ಏನು ಸಂಬಂಧ ಎಂಬುದನ್ನು ಆ ವೈದ್ಯೆ ಔಷಧಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ರಕ್ತದಲ್ಲಿ ಹಾರ್ಮೋನು ಇರುವುದು ಅತ್ಯಲ್ಪ ಪ್ರಮಾಣದಲ್ಲಿ. ಸಾಮಾನ್ಯ ರಾಸಾಯನಿಕ ಕ್ರಮದಿಂದ ಅದನ್ನು ಅಳೆಯಲಾಗದು. 1950ರ ದಶಕದಲ್ಲಿ ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಎಂಬಿಬ್ಬರು, ಒಂದು ನಿರ್ದಿಷ್ಟ ಹಾರ್ಮೋನನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯಗಳನ್ನು (ಆಂಟಿಬಾಡಿ) ಬಳಸಿ ಇನ್ಸುಲಿನ್ನನ್ನು ಅಳೆಯುವ ದಾರಿ ಕಂಡುಹಿಡಿದರು. ಯಾಲೋ ಅವರಿಗೆ 1977ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ಆಗ ಬಳಸುತ್ತಿದ್ದ ವಿಕಿರಣಶೀಲ ಗುರುತಿನ ಬದಲು ಈಗ ಬೆಳಕು ಬೀರುವ ಗುರುತನ್ನು ಬಳಸುತ್ತಾರೆ, ಮೂಲ ಉಪಾಯ ಅದೇ. ಟಿಎಸ್‌ಎಚ್ ಅಳೆಯುವಾಗ ಎರಡು ಪ್ರತಿಕಾಯಗಳು ಹಾರ್ಮೋನನ್ನು ಎರಡು ಬದಿಯಿಂದ ಹಿಡಿಯುತ್ತವೆ. ಒಂದಕ್ಕೆ ಬೆಳಕಿನ ಗುರುತು, ಇನ್ನೊಂದಕ್ಕೆ ಬಯೋಟಿನ್ನಿನ ಬಾಲ. ಆ ಬಾಲವನ್ನು ಬಲವಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನನ್ನು ಸಣ್ಣ ಮಣಿಗಳಿಗೆ ಲೇಪಿಸಿರುತ್ತಾರೆ. ಮಣಿಗೆ ಅಂಟಿದ್ದನ್ನು ಉಳಿಸಿಕೊಂಡು, ಮಿಕ್ಕದ್ದನ್ನು ತೊಳೆದು, ಎಷ್ಟು ಬೆಳಕು ಬರುತ್ತದೆಂದು ಯಂತ್ರ ನೋಡುತ್ತದೆ.

ರಕ್ತದಲ್ಲಿಯೇ ಬಯೋಟಿನ್ ತುಂಬಿದ್ದರೆ ಅದು ಮಣಿಗಳ ಮೇಲಿನ ಜಾಗವನ್ನೆಲ್ಲಾ ಮೊದಲೇ ಹಿಡಿದು ಕೂರುತ್ತದೆ. ಹಾರ್ಮೋನನ್ನು ಹಿಡಿದುಕೊಂಡ ಪ್ರತಿಕಾಯಗಳಿಗೆ ಅಂಟಲು ಜಾಗ ಸಿಗದೆ ಅವು ನೀರಿನೊಂದಿಗೆ ತೊಳೆದುಹೋಗುತ್ತವೆ. ಬೆಳಕು ಕಡಿಮೆ, ಹಾಗಾಗಿ ಟಿಎಸ್‌ಎಚ್ ಕಡಿಮೆ ಎಂದು ಯಂತ್ರ ಬರೆಯುತ್ತದೆ. ಫ್ರೀ ಟಿ4, ಟೆಸ್ಟೋಸ್ಟೆರಾನ್, ವಿಟಮಿನ್ ಡಿ ಮುಂತಾದ ಚಿಕ್ಕ ಅಣುಗಳನ್ನು ಅಳೆಯುವ ಕ್ರಮ ಇದಕ್ಕೆ ತಿರುಗುಮುರುಗು: ಅಲ್ಲಿ ಬೆಳಕು ಕಡಿಮೆಯಾದಷ್ಟೂ ಹಾರ್ಮೋನು ಹೆಚ್ಚು ಎಂದರ್ಥ. ಹೀಗೆ ಒಂದೇ ಮಾತ್ರೆಯಿಂದ ಟಿಎಸ್‌ಎಚ್ ಸುಳ್ಳಾಗಿ ಇಳಿಯಿತು, ಫ್ರೀ ಟಿ4 ಸುಳ್ಳಾಗಿ ಏರಿತು. ಎರಡೂ ಸೇರಿ ಅಚ್ಚುಕಟ್ಟಾಗಿ ಥೈರಾಯ್ಡ್ ಅತಿಸ್ರಾವದ ಚಿತ್ರವನ್ನೇ ಬರೆದುಬಿಟ್ಟವು. ಟೆಸ್ಟೋಸ್ಟೆರಾನ್ ಏರಿದ್ದೂ ಇದೇ ಕಾರಣಕ್ಕೆ. ಎಲ್ಲ ಯಂತ್ರಗಳೂ ಈ ಕ್ರಮವನ್ನು ಬಳಸುವುದಿಲ್ಲ, ಬಳಸುವವುಗಳಲ್ಲಿಯೂ ಹೊಸ ದ್ರಾವಣಗಳು ಹೆಚ್ಚು ಬಯೋಟಿನ್ ತಾಳಿಕೊಳ್ಳುತ್ತವೆ; ಆದರೆ ರಕ್ತ ಕೊಡುವ ನಮಗೆ ಅದು ಯಾವ ಯಂತ್ರಕ್ಕೆ ಹೋಗುತ್ತದೆಂದು ತಿಳಿಯುವುದಿಲ್ಲ.

ಇದು ನಮಗೊಬ್ಬರಿಗೇ ಆದ ಅಪರೂಪದ ಅವಘಡವೂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2017ರ ನವೆಂಬರ್‌ನಲ್ಲಿಯೇ ಈ ಕುರಿತು ಎಚ್ಚರಿಕೆ ಹೊರಡಿಸಿತ್ತು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆ ಬಯೋಟಿನ್ನಿನಿಂದ ಸುಳ್ಳಾಗಿ ಕಡಿಮೆ ಬಂದು ಒಬ್ಬ ರೋಗಿ ತೀರಿಕೊಂಡದ್ದನ್ನೂ ಆ ಎಚ್ಚರಿಕೆಯಲ್ಲಿ ಉಲ್ಲೇಖಿಸಿತ್ತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಬೇಕೆಂಬುದು ಥೈರಾಯ್ಡ್ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ನಮ್ಮ ವೈದ್ಯೆ ಡೋಸು ಹೆಚ್ಚಿದ್ದರಿಂದ ಒಂದು ವಾರ ಬಿಡಿಸಿದರು. ವಾರದ ನಂತರ ಮಗಳ ಟಿಎಸ್‌ಎಚ್ 2.3, ಫ್ರೀ ಟಿ4 ಸಹಜ, ಟೆಸ್ಟೋಸ್ಟೆರಾನ್ ಸಹಜ, ವಿಟಮಿನ್ ಡಿ ಕೇವಲ 14, ಅಂದರೆ ಕೊರತೆ. ಫೋನಿನಲ್ಲಿ ಹೇಳಿದಂತೆ ಥೈರಾಯ್ಡ್ ತಗ್ಗಿಸುವ ಔಷಧಿಯನ್ನು ಶುರುಮಾಡಿದ್ದರೆ ಆರೋಗ್ಯವಾಗಿದ್ದ ಗ್ರಂಥಿಯನ್ನು ನಾವೇ ಕುಗ್ಗಿಸುತ್ತಿದ್ದೆವು. ಅಂಥ ಔಷಧಿಯಿಂದ ಅಪರೂಪಕ್ಕೆ ಬಿಳಿ ರಕ್ತಕಣಗಳೇ ಕುಸಿಯುವ ಅಪಾಯವೂ ಉಂಟು.

ನನ್ನ ಪ್ರೊಲ್ಯಾಕ್ಟಿನ್ ಕಥೆ ಇದಕ್ಕಿಂತ ಚಿಕ್ಕದು, ಆದರೆ ನಮ್ಮಲ್ಲಿ ಹೆಚ್ಚು ಮನೆಗಳಿಗೆ ತಾಗುವಂಥದ್ದು. ಗ್ಯಾಸ್ಟ್ರಿಕ್‌ಗೆಂದು ಮೆಡಿಕಲ್ ಸ್ಟೋರಿನಿಂದ ತಂದ ಕ್ಯಾಪ್ಸೂಲನ್ನು ನಾನು ಎಂಟು ತಿಂಗಳಿಂದ ದಿನವೂ ಬೆಳಿಗ್ಗೆ ನುಂಗುತ್ತಿದ್ದೆ. ಅದರ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ವೈದ್ಯೆ ನನ್ನಿಂದಲೇ ಓದಿಸಿದರು: ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್. ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ನನ್ನು ಹೆಚ್ಚು ಸುರಿಸದಂತೆ ಸದಾ ತಡೆಹಿಡಿಯುವುದು ಡೋಪಮಿನ್ ಎಂಬ ರಾಸಾಯನಿಕ. ಡೊಂಪೆರಿಡೋನ್ ಆ ಡೋಪಮಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ತಡೆ ತೆಗೆದರೆ ಹಾರ್ಮೋನು ಏರುವುದು ಸಹಜ. ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿಯೇ ಬರುವ ಲೆವೊಸಲ್ಪಿರೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಇದನ್ನೇ ಮಾಡುತ್ತವೆ. ಮಾನಸಿಕ ಚಿಕಿತ್ಸೆಯ ಮಾತ್ರೆಗಳನ್ನು ಮಾತ್ರ ಯಾರೂ ತಾವಾಗಿಯೇ ನಿಲ್ಲಿಸಬಾರದು ಎಂದು ಅವರು ಒತ್ತಿ ಹೇಳಿದ್ದನ್ನು ಇಲ್ಲಿ ಹೇಳಲೇಬೇಕು. ಬಸಿರು, ಹಾಲೂಡಿಸುವಿಕೆ, ಥೈರಾಯ್ಡ್ ಕೊರತೆ, ಕಡೆಗೆ ಸೂಜಿಯ ಭಯದಿಂದ ಕೂಡ ಪ್ರೊಲ್ಯಾಕ್ಟಿನ್ ಸ್ವಲ್ಪ ಏರಬಹುದು. ಗಡ್ಡೆಯ ಅನುಮಾನಕ್ಕೆ ಮೊದಲು ಇವೆಲ್ಲವನ್ನೂ ದಾಟಿ ಬರಬೇಕು. ಇದಲ್ಲದೆ, ದೇಹದ ಮೇಲೆ ಹೆಚ್ಚು ಪರಿಣಾಮ ಬೀರದ, ದೊಡ್ಡ ಗಾತ್ರದ ಪ್ರೊಲ್ಯಾಕ್ಟಿನ್ ಕೆಲವರ ರಕ್ತದಲ್ಲಿ ಇರುವುದುಂಟು. ಅದನ್ನು ಬೇರ್ಪಡಿಸಿ ನೋಡುವ ಸುಲಭವಾದ ಪರೀಕ್ಷೆಯೂ ಇದೆ.

ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ವೈದ್ಯೆಯ ಮಾತಿನಂತೆ ಆ ಕ್ಯಾಪ್ಸೂಲ್ ನಿಲ್ಲಿಸಿ ನಾಲ್ಕನೆಯ ದಿನ ರಕ್ತ ಕೊಟ್ಟೆ. ಪ್ರೊಲ್ಯಾಕ್ಟಿನ್ 14 ಬಂತು. ಎಂಆರ್‌ಐ ಮಾತು ಅಲ್ಲಿಗೆ ಮುಗಿಯಿತು. ನಾನು ಆ ಹುಡುಗನಿಗೆ ಬಾಗಿಲು ತೆಗೆಯುವ ಮೊದಲೇ ಆ ಕ್ಯಾಪ್ಸೂಲ್ ನುಂಗಿದ್ದೆ. ಯಾರಾದರೂ ಒಂದು ಮಾತು ಕೇಳಿದ್ದರೆ ಅಷ್ಟು ದಿನಗಳ ಭಯ ತಪ್ಪುತ್ತಿತ್ತು.

ಪ್ಯಾಕೇಜಿನಲ್ಲಿದ್ದ ಕಾರ್ಟಿಸಾಲ್ ಪರೀಕ್ಷೆಯ ಬಗ್ಗೆ ನನ್ನ ಆಕ್ಷೇಪ ಇನ್ನೂ ಗಟ್ಟಿಯಾಗಿದೆ. ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸಾಲ್ ನಸುಕಿನಲ್ಲಿ ಏರಿ ಬೆಳಗಿನ ಎಂಟರ ಹೊತ್ತಿಗೆ ಉತ್ತುಂಗದಲ್ಲಿದ್ದು, ದಿನವಿಡೀ ಇಳಿಯುತ್ತಾ ನಡುರಾತ್ರಿಯಲ್ಲಿ ಅತಿ ಕಡಿಮೆಯಾಗುತ್ತದೆ. ಹಾಗಾಗಿಯೇ ವರದಿಯಲ್ಲಿ ಬೆಳಿಗ್ಗೆ 6ರಿಂದ 10 ಮತ್ತು ಸಂಜೆ 4ರಿಂದ 8 ಎಂದು ಎರಡು ಬೇರೆ ಬೇರೆ ಮಿತಿಗಳನ್ನು ಅಚ್ಚು ಹಾಕಿರುತ್ತಾರೆ. ನಮ್ಮ ರಕ್ತ ತೆಗೆದದ್ದು 10.40ಕ್ಕೆ, ಅದು ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದಕ್ಕಿಂತ ಹೆಚ್ಚು ನೋವಾದ ಸಂಗತಿಯೆಂದರೆ, ವರದಿಯಲ್ಲಿ ರಕ್ತ ತೆಗೆದ ಸಮಯ ‘08.00’ ಎಂದಿತ್ತು. ನಾವು ಕಾದಿರಿಸಿದ ಸಮಯವನ್ನೇ ನಿಜವಾದ ಸಮಯವೆಂದು ಅಚ್ಚು ಹಾಕಿಬಿಟ್ಟಿದ್ದರು. ಇದನ್ನು ನೋಡುವ ವೈದ್ಯರಿಗೆ ಸತ್ಯ ತಿಳಿಯುವ ದಾರಿಯೇ ಇಲ್ಲ. ಕಾರ್ಟಿಸಾಲ್ ಅತಿಯಾಗಿದೆಯೆಂದು ನಿಜಕ್ಕೂ ಅನುಮಾನವಿದ್ದರೆ ಬೆಳಗಿನ ಒಂದು ಅಂಕಿ ಸಾಲದು; ರಾತ್ರಿ ಹನ್ನೊಂದಕ್ಕೆ ಕಾರ್ಟಿಸಾಲನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಮಾತ್ರೆಯನ್ನು 1 ಮಿಲಿಗ್ರಾಂ ನುಂಗಿಸಿ ಮರುದಿನ ಎಂಟಕ್ಕೆ ರಕ್ತ ತೆಗೆದು ಕಾರ್ಟಿಸಾಲ್ ಇಳಿದಿದೆಯೇ ನೋಡುವುದು, ನಡುರಾತ್ರಿಯ ಜೊಲ್ಲು, ಅಥವಾ 24 ಗಂಟೆಯ ಮೂತ್ರ, ಹೀಗೆ ಬೇರೆ ಕ್ರಮಗಳಿವೆ. ಯಾವ ಅನುಮಾನವೂ ಇಲ್ಲದವರಿಗೆ ಅದನ್ನು ಪ್ಯಾಕೇಜಿನಲ್ಲಿ ಸೇರಿಸಿದ್ದು ಅಂಕಿ ಹೆಚ್ಚಿಸಲಿಕ್ಕೆ ಎಂದೇ ನನ್ನ ಅಭಿಪ್ರಾಯ.

ಮುಟ್ಟಿನ ಹಾರ್ಮೋನುಗಳಿಗೆ ಗಂಟೆಗಿಂತ ದಿನ ಮುಖ್ಯ. ಅಂಡ ಬೆಳೆಯಲು ಪ್ರಚೋದಿಸುವ ಎಫ್‌ಎಸ್‌ಎಚ್ ಮತ್ತು ಹೆಣ್ಣು ಹಾರ್ಮೋನಾದ ಈಸ್ಟ್ರಡಯಾಲ್ ನೋಡಬೇಕಾದರೆ ಸಾಮಾನ್ಯವಾಗಿ ಮುಟ್ಟಿನ ಎರಡರಿಂದ ನಾಲ್ಕನೆಯ ದಿನ ರಕ್ತ ತೆಗೆಯುತ್ತಾರೆ. ಅಂಡೋತ್ಪತ್ತಿ ಆಗಿದೆಯೇ ಎಂದು ತಿಳಿಸುವ ಪ್ರೊಜೆಸ್ಟರಾನ್ ನೋಡಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು. 28 ದಿನಕ್ಕೆ ಮುಟ್ಟಾಗುವವರಿಗೆ ಅದು ಇಪ್ಪತ್ತೊಂದನೆಯ ದಿನ, 35 ದಿನದವರಿಗೆ ಇಪ್ಪತ್ತೆಂಟನೆಯ ದಿನ. ಎರಡನ್ನೂ ಒಂದೇ ಬೆಳಿಗ್ಗೆ ಒಂದೇ ಸೂಜಿಯಿಂದ ತೆಗೆದರೆ ಒಂದಲ್ಲ ಒಂದು ವ್ಯರ್ಥವೇ. ನನ್ನ ಪ್ರೊಜೆಸ್ಟರಾನ್ ಎದುರು ‘ಕಡಿಮೆ’ ಎಂದು ಕೆಂಪಿನಲ್ಲಿ ಬರೆದ ಕಂಪ್ಯೂಟರಿಗೆ ಅದು ನನ್ನ ಮುಟ್ಟಿನ ಎಷ್ಟನೆಯ ದಿನವೆಂದು ಗೊತ್ತೇ ಇರಲಿಲ್ಲ.

ನನ್ನ ವಿಷಯದಲ್ಲಿ ಆ ಪರೀಕ್ಷೆಗಳೇ ಬೇಕಿರಲಿಲ್ಲವಂತೆ. 45 ದಾಟಿದ ಹೆಂಗಸಿಗೆ ಮುಟ್ಟು ಏರುಪೇರಾಗಿ, ಮೈ ಬಿಸಿಯೇರುತ್ತಿದ್ದರೆ ಅದು ಮುಟ್ಟು ನಿಲ್ಲುವ ಕಾಲದ ಲಕ್ಷಣವೆಂದು ಮಾತಿನಿಂದಲೇ ತಿಳಿಯುತ್ತದೆ. ಆ ಕಾಲದಲ್ಲಿ ಎಫ್‌ಎಸ್‌ಎಚ್ ಒಂದು ತಿಂಗಳು ಏರಿ ಮತ್ತೊಂದು ತಿಂಗಳು ಇಳಿಯುವುದರಿಂದ ಒಂದು ಅಂಕಿಯಿಂದ ಏನನ್ನೂ ನಿರ್ಧರಿಸಲಾಗದು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿತೆಂದು ಲೆಕ್ಕ. ನಲವತ್ತರೊಳಗೆ ಹೀಗಾದವರಿಗೆ ಮಾತ್ರ ಈ ಪರೀಕ್ಷೆ ಬಹಳ ಮುಖ್ಯ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಮಗಳಿಗೆ ಕೊನೆಗೂ ಇದ್ದದ್ದೇನು? ಪಿಸಿಓಎಸ್ ಇತ್ತು, ಪಿಸಿಓಡಿ ಎಂದು ಕರೆಯುವುದೂ ಇದನ್ನೇ. ಫೋನಿನವರು ಹೇಳಿದ್ದು ಆ ಮಟ್ಟಿಗೆ ಸರಿ, ಆದರೆ ಅವರು ಹೇಳಿದ ಕಾರಣ ತಪ್ಪು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿಕೊಂಡ ಸೂತ್ರದಂತೆ ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಪಿಸಿಓಎಸ್: ಮುಟ್ಟು ತಡವಾಗುವುದು, ಗಂಡು ಹಾರ್ಮೋನಿನ ಪ್ರಭಾವ ರಕ್ತದಲ್ಲಾಗಲೀ ಮೈಮೇಲಾಗಲೀ ಕಾಣುವುದು, ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹೆಚ್ಚಿರುವುದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲಿಗೆ ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ಒಪ್ಪಿದೆ. ಇವಳಿಗೆ ಮುಟ್ಟು ತಡವಾಗುತ್ತಿತ್ತು. ಗದ್ದದ ಕೆಳಗೆ ಒರಟು ಕೂದಲು ಬರುತ್ತಿದ್ದು, ಅದನ್ನು ಯಾರಿಗೂ ಹೇಳದೆ ಪಾರ್ಲರಿನಲ್ಲಿ ತೆಗೆಸಿಕೊಳ್ಳುತ್ತಿದ್ದಳು. ಆ ಕೋಣೆಯಲ್ಲಿ ನನ್ನೆದುರಿಗೆ ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಇದೇ ತರಹ ಕಾಣುವ ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು 17 ಹೈಡ್ರಾಕ್ಸಿ ಪ್ರೊಜೆಸ್ಟರಾನ್ ನೋಡಿದರು. ಈ ಕೊನೆಯದು ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಪ್ಯಾಕೇಜಿನಲ್ಲಿದ್ದ ಇನ್ಸುಲಿನ್ ಪರೀಕ್ಷೆ ಪಿಸಿಓಎಸ್ ನಿರ್ಣಯಕ್ಕೆ ಬೇಕಾಗಿಯೇ ಇಲ್ಲ. ಬದಲಿಗೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ ನೋಡಿದರು. 152 ಬಂತು, 140ರ ಒಳಗಿರಬೇಕಿತ್ತು. ಖಾಲಿಹೊಟ್ಟೆಯ ಸಕ್ಕರೆ 88 ಇದ್ದುದರಿಂದ ಪ್ಯಾಕೇಜಿನ ವರದಿ ಅದನ್ನು ಹಸಿರಿನಲ್ಲಿ ತೋರಿಸಿತ್ತು. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ, ನನ್ನ ತಾಯಿಗೂ ಅಣ್ಣನಿಗೂ. ಈಗಲೇ ಎಚ್ಚೆತ್ತುಕೊಳ್ಳಬೇಕಾದ ಒಂದೇ ಒಂದು ಅಂಕಿ, ಆ 84ರಲ್ಲಿ ಇರಲಿಲ್ಲ. ಕೂದಲು ಉದುರುವುದಕ್ಕೆ ಕಬ್ಬಿಣದ ಕೊರತೆಯೂ ಕಾರಣವೆಂದು ಫೆರಿಟಿನ್ ಪರೀಕ್ಷೆಯಿಂದ ತಿಳಿಯಿತು, ಅದೂ ಇರಲಿಲ್ಲ.

ಎರಡನೆಯ ಬಾರಿ ರಕ್ತ ಕೊಟ್ಟದ್ದು ವೈದ್ಯೆಯ ಚಿಕಿತ್ಸಾಲಯದ ಪಕ್ಕದ ಸಣ್ಣ ಪ್ರಯೋಗಾಲಯದಲ್ಲಿ. ಕುರ್ಚಿಗಳು ಹಳೆಯವು, ವರದಿ ಸಿಕ್ಕಿದ್ದು ಮರುದಿನ ಸಂಜೆ. ಆದರೆ ಕೌಂಟರಿನಲ್ಲಿದ್ದ ಹೆಣ್ಣುಮಗಳು ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ಮುಂದಿಟ್ಟು ತಾನೇ ಬರೆದುಕೊಂಡಳು: ಕಳೆದ ಮುಟ್ಟಿನ ಮೊದಲ ದಿನ, ಈ ವಾರ ತೆಗೆದುಕೊಂಡ ಎಲ್ಲ ಮಾತ್ರೆ, ಟಾನಿಕ್, ಪುಡಿ, ಬೆಳಿಗ್ಗೆ ಎದ್ದ ಸಮಯ, ಥೈರಾಯ್ಡ್ ಮಾತ್ರೆ ನುಂಗುವವರಾದರೆ ಇಂದು ನುಂಗಿದ್ದೀರಾ ಎಂಬುದು. ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಫಿಲ್ಟರ್ ಕಾಫಿ ಕುಡಿದು ಬಂದಿದ್ದರು. ‘ಅಜ್ಜೀ, ಮಾತ್ರೆಗೂ ಕಾಫಿಗೂ ಮಧ್ಯೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು, ಇಲ್ಲಾಂದ್ರೆ ಮಾತ್ರೆ ಮೈಗೆ ಹತ್ತಲ್ಲ. ಟೆಸ್ಟ್ ದಿನ ಮಾತ್ರ ರಕ್ತ ಕೊಟ್ಟ ಮೇಲೆ ತಗೊಳ್ಳಿ’ ಎಂದು ಆಕೆ ಸಾವಧಾನವಾಗಿ ಹೇಳಿದಳು. ವರದಿಯಲ್ಲಿ ರಕ್ತ ತೆಗೆದ ನಿಜವಾದ ಸಮಯವಿತ್ತು, ಯಾವ ಯಂತ್ರ, ಯಾವ ಕ್ರಮವೆಂದೂ ಇತ್ತು. ಅಲ್ಲಿಯೂ ಪ್ರಯೋಗಾಲಯಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆ, ದೊಡ್ಡ ಸಂಸ್ಥೆಗೂ ಇದೆ. ಆ ಮಾನ್ಯತೆ ಪರೀಕ್ಷೆ ಪರೀಕ್ಷೆಗೆ ಬೇರೆ ಬೇರೆಯಾಗಿ ಕೊಡುವಂಥದ್ದು, ಹಾಗಾಗಿ ಮುದ್ರೆಯನ್ನಷ್ಟೇ ನೋಡದೆ ನಮಗೆ ಬೇಕಾದ ಪರೀಕ್ಷೆಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಬೇಕು.

ಪ್ಯಾಕೇಜಿನ ಸಂಸ್ಥೆಗೆ ಇಷ್ಟನ್ನೂ ಬರೆದು ದೂರು ಕೊಟ್ಟೆ. ಹತ್ತು ದಿನಗಳ ನಂತರ ಒಬ್ಬರು ಕರೆ ಮಾಡಿ, ತಾಂತ್ರಿಕವಾಗಿ ಪರೀಕ್ಷೆಗಳು ಸರಿಯಾಗಿಯೇ ನಡೆದಿವೆ, ಮಾತ್ರೆಗಳ ವಿಷಯವನ್ನು ಗ್ರಾಹಕರೇ ತಿಳಿಸಬೇಕಿತ್ತು ಎಂದರು. ಯಂತ್ರ ಸರಿಯಾಗಿ ಓಡಿತೆಂಬುದನ್ನು ನಾನು ಒಪ್ಪುತ್ತೇನೆ. ಕೂದಲಿನ ಮಾತ್ರೆಯಿಂದ ಥೈರಾಯ್ಡ್ ವರದಿ ಕೆಡುತ್ತದೆಂದು ಒಬ್ಬ ಗೃಹಿಣಿ ತಾನಾಗಿ ತಿಳಿದಿರಬೇಕೆಂಬುದನ್ನು ಒಪ್ಪುವುದಿಲ್ಲ. ಹಣ ಹಿಂದಿರುಗಿಸುವ ಮಾತು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ಅರ್ಜಿಯಲ್ಲಿ ಮುಟ್ಟಿನ ದಿನ ಮತ್ತು ಮಾತ್ರೆಗಳಿಗೆ ಎರಡು ಸಾಲು ಜಾಗ ಬಿಡಿ, ರಕ್ತ ತೆಗೆದ ನಿಜವಾದ ಸಮಯವನ್ನು ಅಚ್ಚು ಹಾಕಿ ಎಂದು ಕೇಳಿಕೊಂಡೆ. ಮೇಲಿನವರಿಗೆ ತಿಳಿಸುತ್ತೇವೆ ಎಂದರು.

ಐದರಲ್ಲಿ ಎಷ್ಟು ಅಂಕ ಕೊಡಬೇಕೆಂದು ಬಹಳ ಯೋಚಿಸಿದೆ. ರಕ್ತ ತೆಗೆಯುವ ಕೆಲಸಕ್ಕೆ ನಾಲ್ಕು, ಹಾರ್ಮೋನ್ ಪ್ಯಾಕೇಜಿಗೆ ಒಂದು, ಫೋನಿನ ಸಲಹೆಗೆ ಸೊನ್ನೆ. ವೈದ್ಯರು ಕೈಯಾರೆ ಬರೆದುಕೊಟ್ಟ ಒಂದೆರಡು ಪರೀಕ್ಷೆಗಳ ಚೀಟಿ ಇದ್ದು, ಯಾವ ದಿನ, ಯಾವ ಹೊತ್ತಿಗೆ ಎಂದು ಅವರಿಂದಲೇ ಕೇಳಿ ತಿಳಿದಿದ್ದರೆ ಈ ಸಂಸ್ಥೆಯ ಹುಡುಗನನ್ನು ಮನೆಗೆ ಕರೆಸಿಕೊಳ್ಳಬಹುದು, ನಾನೂ ಕರೆಸುತ್ತೇನೆ. ಆದರೆ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲಾ, ಕೂದಲಿನದ್ದು, ಗ್ಯಾಸ್ಟ್ರಿಕ್ಕಿನದ್ದು, ಆಯುರ್ವೇದದ್ದು ಸೇರಿಸಿ, ಬಾಗಿಲ ಬಳಿಯ ಮೇಜಿನ ಮೇಲೆ ಮೊದಲೇ ತೆಗೆದಿಟ್ಟು, ಆತ ಕೇಳದಿದ್ದರೂ ತೋರಿಸಿ, ಗಡಿಯಾರ ನೋಡಿ ರಕ್ತ ತೆಗೆದ ಸಮಯವನ್ನು ನೀವೇ ಬರೆದಿಟ್ಟುಕೊಳ್ಳಿ.